ಸೈನ್ಯ ಬಿಟ್ಟಿದ್ದೇ ಪಾಂಪೆಯ ತಪ್ಪಾ?

ಪೂರ್ವದ ದಂಡಯಾತ್ರೆ ಮುಗಿಸಿ ಕ್ರಿ.ಪೂ. 62ರಲ್ಲಿ ಇಟಲಿಯ ಬ್ರಂಡಿಸಿಯಮ್ ಬಂದರಿಗೆ ಇಳಿದ ಕೂಡಲೇ ರೋಮನ್ ಸೇನಾಪತಿ ಪಾಂಪೆ ಸೈನಿಕರನ್ನು ಮನೆಗೆ ಕಳಿಸಿದ, ಅವನ ಸೋಲು ಅಲ್ಲೇ ಶುರುವಾಯಿತು ಅಲ್ವಾ, ಸೆಮಿನಾರಿಗೆ ಇದನ್ನೇ ಬರೆಯಲಾ ಅಂತ ಕೇಳಿದ್ದೀರಿ. ಅಯ್ಯೋ, ಬೇಡಿ. ಎಂ.ಎ. ಓದುವಾಗ ಇದನ್ನೇ ಬರೆದು, ಎಲ್ಲರೆದುರು ಓದಿ, ಮಂಗಳಾರತಿ ಮಾಡಿಸಿಕೊಂಡವನು ನಾನು.

ನನ್ನ ವಾದ ಜೋರಾಗಿಯೇ ಇತ್ತು. ಸೈನ್ಯ ಇಟ್ಟುಕೊಂಡಿದ್ದರೆ ಮುಂದೆ ಎದುರಾಳಿಯಾದ ಸೀಸರ್ ತಲೆ ಎತ್ತುತ್ತಿರಲಿಲ್ಲ, ಪಾಂಪೆ ಅವನಿಗೆ ಸೋತ ಫಾರ್ಸಾಲಸ್ ಕಾಳಗ ಆಗುತ್ತಿರಲಿಲ್ಲ, ಈಜಿಪ್ಟಿನ ದಡದಲ್ಲಿ ಪಾಂಪೆಯ ಕೊಲೆಯೂ ಆಗುತ್ತಿರಲಿಲ್ಲ ಅಂತ. ಮೇಷ್ಟ್ರು ಪೂರ್ತಿ ಕೇಳಿ, "62ರಲ್ಲಿ ಅವನ ಎದುರು ಸೈನ್ಯ ಹಿಡಿದು ನಿಂತಿದ್ದವರು ಯಾರಪ್ಪಾ?" ಅಂದರು. ಯಾರೂ ಇರಲಿಲ್ಲ. ಸೀಸರ್ ಆಗಿನ್ನೂ ಸಾಲದಲ್ಲಿ ಮುಳುಗಿದ್ದ ಪ್ರೀಟರ್, ಅಂದರೆ ನ್ಯಾಯ ನೋಡಿಕೊಳ್ಳುವ ಅಧಿಕಾರಿ. ಕ್ರಿ.ಪೂ. 48ರ ಪಾಂಪೆಯ ಸಾವನ್ನು ತಲೆಯಲ್ಲಿಟ್ಟುಕೊಂಡು ನಾನು 62ನ್ನು ಓದಿದ್ದೆ. ಪಾಂಪೆಗೆ ಆ ಸಾವು ಗೊತ್ತಿರಲಿಲ್ಲವಲ್ಲ! ಅವನಿಗೆ ಗೊತ್ತಿದ್ದದ್ದು ಕ್ರಿ.ಪೂ. 83. ಆಗ ರೋಮನ್ ಸೇನಾಪತಿ ಸುಲ್ಲಾ ಇದೇ ಬಂದರಿಗೆ ಸೈನ್ಯ ಸಮೇತ ಇಳಿದು, ಮರುವರ್ಷ ರೋಮಿನಲ್ಲಿ ರಕ್ತ ಹರಿಸಿದ್ದ. ಆಗ ಸುಲ್ಲಾನ ಜೊತೆ ಸೇರಿದ್ದವರಲ್ಲಿ ಪಾಂಪೆಯೂ ಒಬ್ಬ. ಇವನೂ ಹಾಗೇ ಮಾಡ್ತಾನೆ ಅಂತ ಊರೆಲ್ಲ ನಡುಗುತ್ತಿತ್ತು. ಸೈನ್ಯ ಬಿಟ್ಟು ಬಂದದ್ದಕ್ಕೇ ದಾರಿಯುದ್ದಕ್ಕೂ ಜನ ಅವನ ಹಿಂದೆ ನಡೆದರು.

ಎಡವಿದ್ದು ಆಮೇಲೆ, ರೋಮಿನ ಹಿರಿಯರ ಸಭೆಯಾದ ಸೆನೆಟ್‌ನಲ್ಲಿ. 23ನೇ ವಯಸ್ಸಿಗೇ ಇಟಲಿಯ ಪಿಸೀನಮ್ ಸೀಮೆಯಲ್ಲಿ ಸ್ವಂತ ಸೈನ್ಯ ಕಟ್ಟಿದವನು ಇವನು. ಕೆಳಗಿನ ಒಂದು ಹುದ್ದೆಯನ್ನೂ ನೋಡದೆ 70ರಲ್ಲಿ ನೇರ ಕಾನ್ಸಲ್ ಆದ, ಅಂದರೆ ರೋಮಿನ ಅತ್ಯುನ್ನತ ಹುದ್ದೆ. ಸೆನೆಟ್ ನಡೆಸೋದು ಹೇಗೆ ಅಂತ ಸ್ನೇಹಿತ ವ್ಯಾರೋ ಕೈಲಿ ಕೈಪಿಡಿ ಬರೆಸಿಕೊಂಡ! 67ರಲ್ಲಿ ಕಡಲ್ಗಳ್ಳರನ್ನು ಮೂರೇ ತಿಂಗಳಲ್ಲಿ ಮಟ್ಟ ಹಾಕಿದವನಿಗೆ, 61ರಲ್ಲಿ ಒಂದು ಭಾಷಣ ಕುದುರಲಿಲ್ಲ. ಬಡವರಿಗೂ ಹಿತವಾಗಲಿಲ್ಲ, ಉಳ್ಳವರಿಗೂ ರುಚಿಸಲಿಲ್ಲ ಅಂತ ರೋಮಿನ ಹೆಸರಾಂತ ವಾಗ್ಮಿ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಬರೆದ. ಪಾಂಪೆ ಕೇಳಿದ್ದೇನು ಜಾಸ್ತಿ ಅಲ್ಲ: ಪೂರ್ವದಲ್ಲಿ ತಾನು ಮಾಡಿದ ಏರ್ಪಾಡುಗಳಿಗೆ ಒಪ್ಪಿಗೆ, ತನ್ನ ಸೈನಿಕರಿಗೆ ಜಮೀನು. ಪೂರ್ವದಲ್ಲಿ ಪಾಂಪೆಗಿಂತ ಮೊದಲು ಸೇನಾಪತಿಯಾಗಿದ್ದ ಲುಕುಲಸ್ ಒಂದೊಂದಾಗಿ ಚರ್ಚಿಸೋಣ ಅಂತ ಎಳೆದ, ಸೆನೆಟರ್ ಕೇಟೋ ಅಡ್ಡ ನಿಂತ. ತನ್ನ ಕಡೆಯವನು ಅಂತ ಪಾಂಪೆ ಗೆಲ್ಲಿಸಿ ತಂದ ಕಾನ್ಸಲ್ ಅಫ್ರೇನಿಯಸ್‌ಗೋ, ರಾಜಕೀಯಕ್ಕಿಂತ ಕುಣಿತ ಚೆನ್ನಾಗಿ ಬರುತ್ತಿತ್ತಂತೆ.

ಕೊನೆಗೆ 59ರಲ್ಲಿ ಕೆಲಸ ಮಾಡಿಕೊಟ್ಟವನು, ಆ ವರ್ಷ ಕಾನ್ಸಲ್ ಆಗಿದ್ದ ಸೀಸರ್. ಪಾಂಪೆ ಅವನ ಮಗಳು ಜೂಲಿಯಾಳನ್ನು ಮದುವೆಯಾದ, ಸೀಸರ್‌ಗೆ ಗಾಲ್ (ಈಗಿನ ಫ್ರಾನ್ಸ್ ಕಡೆಯ) ಪ್ರಾಂತ್ಯವೂ ಸೈನ್ಯವೂ ಸಿಕ್ಕಿತು. ಹತ್ತು ವರ್ಷದ ಮೇಲೆ ಇಟಲಿಯ ಗಡಿ ನದಿ ರುಬಿಕಾನ್ ದಾಟಿ ಪಾಂಪೆಯ ಮೇಲೆ ಬಂದದ್ದು ಆ ಗಾಲ್‌ನ ಸೈನ್ಯವೇ.

ಹಾಗಾಗಿ ಸೈನ್ಯ ಬಿಡಬೇಕಿತ್ತಾ ಬೇಡವಾ ಅನ್ನೋ ಚರ್ಚೆಯನ್ನೇ ಕೈಬಿಡಿ. 61ರಿಂದ 59ರವರೆಗಿನ ಸಿಸೆರೋ ಪತ್ರಗಳನ್ನು ಮೊದಲು ಓದಿ. ಸೀಸರ್ ತಾನೇ ಬರೆದ ಅಂತರ್ಯುದ್ಧದ ಕಥೆ ಕೊನೆಗಿರಲಿ. ಅದು ಶುರುವಾಗೋದೇ 49ರಿಂದ, ನಿಮಗೆ ಬೇಕಾದ್ದು ಅಲ್ಲಿಲ್ಲ.