ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಎಷ್ಟು ಇನ್ಹೇಲರ್ ಇಟ್ಟುಕೊಳ್ಳಬೇಕು?

ಮಳೆಗೆ ಮರ ಬಿದ್ದು ರಸ್ತೆ, ಕರೆಂಟ್ ಎರಡೂ ಹೋಗುವ ಉಡುಪಿಯ ಹಳ್ಳಿಯಲ್ಲಿ ಅಸ್ತಮಾ ಇರುವ ಅಮ್ಮನಿಗೆ ಎಷ್ಟು ಔಷಧಿ ತಂದಿಡಬೇಕು ಎಂದು ಕೇಳಿದ್ದೀರಿ.

ಬಳಕೆಯಲ್ಲಿರುವ ಸಾಲ್ಬುಟಮಾಲ್ (ಉಸಿರು ಕಟ್ಟಿದಾಗ ಬೇಗ ಆರಾಮ ಕೊಡುವ ಔಷಧಿ) ಇನ್ಹೇಲರ್ ಜೊತೆಗೆ ಸೀಲ್ ಒಡೆಯದ ಇನ್ನೊಂದು, ದಿನವೂ ಎಳೆಯುವ ಸ್ಟೀರಾಯ್ಡ್ ಇನ್ಹೇಲರ್ ಒಂದು ತಿಂಗಳಿಗಾಗುವಷ್ಟು ಹೆಚ್ಚುವರಿ. ಇಷ್ಟು ಸಾಕು. 200 ಪಫ್‌ನ (ಒಂದು ಸಲ ಒತ್ತಿದರೆ ಒಂದು ಪಫ್) ಸಾಲ್ಬುಟಮಾಲ್ ವರ್ಷಕ್ಕೆ ಮೂರೋ ಹೆಚ್ಚೋ ಖಾಲಿಯಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ. ದಾಸ್ತಾನು ಹೆಚ್ಚಿಸುವ ಮೊದಲು ಡಾಕ್ಟರಿಗೆ ತೋರಿಸಿ.

ಔಷಧಿ ಮುಗಿದ ಮೇಲೂ ಡಬ್ಬಿಯಿಂದ ಗಾಳಿ ಬರುತ್ತಲೇ ಇರುತ್ತದೆ. ಅಲ್ಲಾಡಿಸಿಯೋ ನೀರಲ್ಲಿ ತೇಲಿಸಿಯೋ ನೋಡಿದರೆ ಗೊತ್ತಾಗುವುದಿಲ್ಲ, ಹಾಗಾಗಿ ಉಳಿದ ಪಫ್ ಎಷ್ಟೆಂದು ತೋರಿಸುವ ಕೌಂಟರ್ ಇರುವುದನ್ನೇ ಕೊಳ್ಳಿ. ಪುಡಿಯ ಕ್ಯಾಪ್ಸೂಲ್ ಬಳಸುವವರು ನಮ್ಮ ಕರಾವಳಿಯ ತೇವದಲ್ಲಿ ಎಚ್ಚರವಾಗಿರಬೇಕು: ಮೊದಲೇ ಬಿಚ್ಚಿಟ್ಟರೆ ಪುಡಿ ಗಂಟುಕಟ್ಟಿ ಎದೆಗೆ ಇಳಿಯುವುದಿಲ್ಲ.

ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರ ಕರೆಂಟ್ ನಂಬಿಕೊಂಡಿದೆ. ಇನ್ಹೇಲರ್‌ಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಒಂದು ಖಂಡಿತ ಇರಲಿ. ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಿರವಿದ್ಯುತ್ ಹತ್ತಿ ಔಷಧಿ ಒಳಗೋಡೆಗೇ ಅಂಟಿಕೊಳ್ಳುತ್ತದೆ.

ಉಸಿರು ಕಟ್ಟಿದಾಗ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸಾಲ್ಬುಟಮಾಲ್ ಇನ್ಹೇಲರ್ ಕುಲುಕಿ ಸ್ಪೇಸರ್‌ಗೆ ಒಂದೇ ಪಫ್ ಬಿಟ್ಟು ನಾಲ್ಕೈದು ಉಸಿರು ಎಳೆಸಿ, ಆಮೇಲೆ ಮುಂದಿನದು. 4ರಿಂದ 10 ಪಫ್‌ವರೆಗೆ ಕೊಡಬಹುದು, 20 ನಿಮಿಷಕ್ಕೆ ಪುನಃ. ಹತ್ತು ಪಫ್‌ಗೂ ತಗ್ಗದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆಮಾಡಿ. ಆಂಬುಲೆನ್ಸ್ ಬರುವವರೆಗೆ ಪಫ್ ಕೊಡುತ್ತಲೇ ಇರಿ.