ಧ್ರುವಯಾತ್ರಿಕರನ್ನು ಬಲಿ ತೆಗೆದುಕೊಂಡದ್ದು ಚಳಿಯೊಂದೇ ಅಲ್ಲ

ಪ್ರಶ್ನೆ: ದಕ್ಷಿಣ ಧ್ರುವಕ್ಕೆ ಹೋದ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ಸಂಗಡಿಗರು ಮರಳಿ ಬರುವಾಗ ತೀರಿಕೊಂಡರೆಂದು ಓದಿದೆ. ಬೆಚ್ಚನೆಯ ಬಟ್ಟೆಗಳಿದ್ದರೂ ಅವರು ಚಳಿಗೆ ಸತ್ತದ್ದೇಕೆ? ಈಗ ಅಲ್ಲಿಗೆ ಹೋಗುವವರಿಗೂ ಅದೇ ಅಪಾಯಗಳಿವೆಯೇ?
– ಏಳನೆಯ ತರಗತಿಯ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಚಳಿ ಒಂದು ಕಾರಣ, ನಿಜ. ಆದರೆ ಹೊಟ್ಟೆಗೆ ಸಾಕಷ್ಟು ಊಟ, ಒಲೆಗೆ ಎಣ್ಣೆ ಮತ್ತು ಮೈಯಲ್ಲಿ ಆರೋಗ್ಯ ಇರುವವರೆಗೆ ಮನುಷ್ಯ ಆ ಚಳಿಯನ್ನು ತಡೆದುಕೊಳ್ಳಬಲ್ಲ. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಚಳಿ ಪ್ರಾಣಾಂತಕವಾಗುತ್ತದೆ.

ಸ್ಕಾಟ್ ಮತ್ತು ನಾಲ್ವರು ಸಂಗಡಿಗರು 1912ರ ಜನವರಿ 17ರಂದು ಧ್ರುವವನ್ನು ಮುಟ್ಟಿದರು. ನಾರ್ವೆಯ ಅಮುಂಡ್ಸೆನ್ ಅವರ ತಂಡ ಸುಮಾರು ಐದು ವಾರ ಮೊದಲೇ ಅಲ್ಲಿಗೆ ಬಂದು ಹೋಗಿತ್ತು. ಮರಳುವ ದಾರಿ 1,300 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರವೂ ಜಾರುಬಂಡಿಯನ್ನು ಅವರೇ ಎಳೆಯಬೇಕಾಗಿತ್ತು. ದಿನಕ್ಕೆ ಸುಮಾರು 4,500 ಕ್ಯಾಲೊರಿಗಳ ಆಹಾರ ಸಿಗುತ್ತಿದ್ದರೂ ಆ ದುಡಿಮೆಗೆ ಅದು ಸಾಲದೆ ದೇಹ ದಿನದಿನಕ್ಕೂ ಸೊರಗುತ್ತಿತ್ತು. ಮಾರ್ಚ್‌ನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿಳಿದಾಗ, ಬಂಡಿಯ ಅಡಿಪಟ್ಟಿಯ ಉಜ್ಜುವಿಕೆಯಿಂದ ಹಿಮ ತೆಳುವಾಗಿ ಕರಗುವುದು ನಿಂತು, ಮರಳಿನ ಮೇಲೆ ಎಳೆದಂತೆ ಬಂಡಿ ಮುಂದೆ ಸರಿಯದಾಯಿತು. ದಾರಿಯುದ್ದಕ್ಕೂ ಮೊದಲೇ ಇಟ್ಟಿದ್ದ ಸೀಮೆಎಣ್ಣೆಯ ಡಬ್ಬಿಗಳಲ್ಲಿಯೂ ಎಣ್ಣೆ ಕಡಿಮೆಯಾಗಿತ್ತು, ಏಕೆಂದರೆ ಮುಚ್ಚಳದ ಚರ್ಮದ ಬಿಲ್ಲೆಗಳು ಚಳಿಗೆ ಕೆಟ್ಟು ಎಣ್ಣೆ ಸೋರಿ ಆವಿಯಾಗಿ ಹೋಗಿತ್ತು. ಅಲ್ಲಿ ಎಣ್ಣೆ ಬೇಕಾದದ್ದು ಅಡುಗೆಗೆ ಮಾತ್ರವಲ್ಲ; ಕುಡಿಯುವ ನೀರಿಗಾಗಿ ಹಿಮವನ್ನು ಕರಗಿಸಲೂ ಅದೇ ಬೇಕು. ಅಮುಂಡ್ಸೆನ್ ತಮ್ಮ ಡಬ್ಬಿಗಳನ್ನು ಬೆಸುಗೆ ಹಾಕಿಸಿ ಮುಚ್ಚಿಸಿದ್ದರು. ಸ್ಕಾಟ್ ತಂಡದ ಕೊನೆಯ ಮೂವರು, ಆಹಾರ ಮತ್ತು ಎಣ್ಣೆಯ ದಾಸ್ತಾನು ಇನ್ನು ಸುಮಾರು 18 ಕಿಲೋಮೀಟರ್ ಇರುವಾಗ ಹಿಮಬಿರುಗಾಳಿಗೆ ಸಿಲುಕಿ ಡೇರೆಯಲ್ಲೇ ಉಳಿದರು. ಸ್ಕಾಟ್ ಅವರ ದಿನಚರಿಯ ಕೊನೆಯ ಬರಹ ಮಾರ್ಚ್ 29ರದು.

ಇನ್ನೊಂದು ಶತ್ರು ಸ್ಕರ್ವಿ ಎಂಬ ಕಾಯಿಲೆ. ನಾವು ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣುಗಳಿಂದ ಪಡೆಯುವ ಸಿ ಜೀವಸತ್ವ ತಿಂಗಳುಗಟ್ಟಲೆ ದೊರೆಯದಿದ್ದರೆ ಒಸಡು ಊದುತ್ತದೆ, ಹಲ್ಲು ಸಡಿಲವಾಗುತ್ತದೆ, ಮಾಗಿದ ಹಳೆಯ ಗಾಯವೂ ಮತ್ತೆ ಬಾಯಿ ಬಿಡುತ್ತದೆ. ಈ ಜೀವಸತ್ವವನ್ನು ವಿಜ್ಞಾನಿಗಳು ಗುರುತಿಸಿದ್ದು 1930ರ ದಶಕದಲ್ಲಿ. ಅದಕ್ಕೂ ಮೊದಲು ಕೆಟ್ಟ ಡಬ್ಬಿ ಮಾಂಸವೇ ಇದಕ್ಕೆ ಕಾರಣವೆಂದು ಅನೇಕ ವೈದ್ಯರು ನಂಬಿದ್ದರು. ಸ್ಕಾಟ್ ಅವರ ಸಹಾಯಕ ತಂಡದೊಂದಿಗೆ ಮರಳುತ್ತಿದ್ದ ಲೆಫ್ಟಿನೆಂಟ್ ಇವಾನ್ಸ್ ಸ್ಕರ್ವಿಯಿಂದ ನಡೆಯಲಾರದೆ ಬಿದ್ದಾಗ, ಟಾಮ್ ಕ್ರೀನ್ ಎಂಬ ನಾವಿಕ ಒಬ್ಬನೇ ಸುಮಾರು 56 ಕಿಲೋಮೀಟರ್ ನಡೆದು ನೆರವು ಕರೆತಂದನು. ಆ ಯಾತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ನಡಿಗೆ. ಅಮುಂಡ್ಸೆನ್‌ಗೆ ಮದ್ದು ಗೊತ್ತಿತ್ತು: 1898ರಲ್ಲಿ ಬೆಲ್ಜಿಕಾ ಹಡಗು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡಾಗ, ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಎಲ್ಲರಿಗೂ ಸೀಲ್ ಮತ್ತು ಪೆಂಗ್ವಿನ್‌ಗಳ ತಾಜಾ ಮಾಂಸವನ್ನು ತಿನ್ನಿಸಿ ಗುಣಪಡಿಸಿದ್ದನ್ನು ಅವರು ಆ ಹಡಗಿನಲ್ಲೇ ಇದ್ದು ಕಂಡಿದ್ದರು.

ಕಣ್ಣಿಗೆ ಕಾಣದ ಅಪಾಯವೆಂದರೆ ಹಿಮಬಿರುಕು. ಮೇಲೆ ತೆಳುವಾದ ಹಿಮದ ಹೊದಿಕೆ, ಕೆಳಗೆ ನೂರಾರು ಅಡಿ ಆಳ. 1912ರ ಡಿಸೆಂಬರ್ 14ರಂದು ಆಸ್ಟ್ರೇಲಿಯಾದ ಡಗ್ಲಸ್ ಮಾಸನ್ ಜಾರುಬಂಡಿಯ ಮೇಲೆ ಕುಳಿತು ಇಂಥ ಒಂದು ಬಿರುಕನ್ನು ದಾಟಿದರು; ಬಂಡಿ ಅವರ ಭಾರವನ್ನು ಹರಡಿದ್ದರಿಂದ ಹೊದಿಕೆ ಕುಸಿಯಲಿಲ್ಲ. ಹಿಂದೆ ಬಂಡಿಯ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಬರುತ್ತಿದ್ದ ನಿನ್ನಿಸ್ ಮಾತ್ರ ಹೆಚ್ಚಿನ ಆಹಾರ, ಡೇರೆ ಮತ್ತು ಬಲವಾದ ನಾಯಿಗಳ ಸಮೇತ ಒಳಗೆ ಬಿದ್ದರು. ನೆಲೆಗೆ ಸುಮಾರು 500 ಕಿಲೋಮೀಟರ್ ದೂರವಿತ್ತು, ಉಳಿದದ್ದು ವಾರ ಹತ್ತು ದಿನದ ಊಟ. ದಾರಿಯಲ್ಲಿ ಇನ್ನೊಬ್ಬ ಸಂಗಡಿಗ ಮೆರ್ಟ್ಸ್ ತೀರಿಕೊಂಡರು. ಅಂಗಾಲಿನ ಚರ್ಮವೇ ಕಳಚಿಬಂದಿದ್ದ ಮಾಸನ್ ಒಬ್ಬರೇ ಮುಂದೆ ನಡೆದರು. ಅವರೂ ಒಂದು ಬಿರುಕಿನಲ್ಲಿ ಬಿದ್ದಾಗ ಬಂಡಿಗೆ ಕಟ್ಟಿದ ಹಗ್ಗ ಕಾಪಾಡಿತು. 1913ರ ಫೆಬ್ರುವರಿ 8ರಂದು ನೆಲೆ ಸೇರಿದರೆ, ಹಡಗು ಕೆಲವೇ ಗಂಟೆಗಳ ಹಿಂದೆ ಹೊರಟುಹೋಗಿತ್ತು. ತಮಗಾಗಿ ಕಾದು ಉಳಿದಿದ್ದ ಕೆಲವರೊಡನೆ ಅವರು ಇನ್ನೊಂದು ಚಳಿಗಾಲವನ್ನು ಅಲ್ಲೇ ಕಳೆದರು.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ಹೀಗಿದೆ. ಭಾರತದ ಮೈತ್ರಿ ಮತ್ತು ಭಾರತಿ ಕೇಂದ್ರಗಳಲ್ಲಿ ಕೆಲಸ ಮಾಡುವ ವಿಜ್ಞಾನಿಗಳಿಗೆ ಸ್ಕರ್ವಿಯ ಭಯವಿಲ್ಲ, ಉಪಗ್ರಹ ದೂರವಾಣಿಯೂ ಇದೆ. ಆದರೆ ಹಿಮಬಿರುಕುಗಳು ಈಗಲೂ ಇವೆ. ಅದಕ್ಕೇ ಹೊಸ ದಾರಿ ಹಿಡಿಯುವ ಮುನ್ನ ಹಿಮದೊಳಗನ್ನು ಶೋಧಿಸುವ ರೇಡಾರ್ ಬಳಸುತ್ತಾರೆ, ನಡೆದು ಹೋಗುವಾಗ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಳ್ಳುತ್ತಾರೆ.