ಪ್ರವಾಸದ ಊಟ, ಊರಿಗೆ ಬಂದ ಮೇಲಿನ ತೂಕ

ರಜೆಯ ತಿರುಗಾಟ, ಊಟ ಮತ್ತು ತೂಕದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಆಹಾರತಜ್ಞರ ಉತ್ತರ

ಪ್ರಶ್ನೆ: ಐದು ದಿನ ಉಡುಪಿ, ಮುರುಡೇಶ್ವರ, ಗೋಕರ್ಣ ಸುತ್ತಿ ಬಂದೆವು. ಬಂದ ಮರುದಿನ ತೂಕ ನೋಡಿದರೆ ಎರಡೂವರೆ ಕೆ.ಜಿ. ಜಾಸ್ತಿ! ಗಾಬರಿಯಾಗಿ ಎರಡು ದಿನದಿಂದ ಹಣ್ಣು ಬಿಟ್ಟು ಬೇರೇನೂ ತಿಂದಿಲ್ಲ. ಇನ್ನೂ ಎಷ್ಟು ದಿನ ಹೀಗಿರಬೇಕು?
ಗೃಹಿಣಿ, ದಾವಣಗೆರೆ

ಉತ್ತರ: ಇವತ್ತೇ ನಿಲ್ಲಿಸಿ, ಮಧ್ಯಾಹ್ನ ಎಂದಿನ ಊಟ ಮಾಡಿ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂರಬೇಕಾದರೆ ದೇಹಕ್ಕೆ ಬೇಕಾದುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಒಳಗೆ ಹೋಗಬೇಕು. ಎರಡೂವರೆ ಕಿಲೋಗೆ ಅದು 19,000 ದಾಟುತ್ತದೆ. ಅಷ್ಟಾಗಬೇಕೆಂದರೆ ನೀವು ಐದೂ ದಿನ, ಮೂರು ಹೊತ್ತಿನ ಊಟ ಮುಗಿಸಿ, ಅದರ ಮೇಲೆ ದಿನಕ್ಕೆ ಹತ್ತು ಮಸಾಲೆ ದೋಸೆಯಷ್ಟು ತಿಂದಿರಬೇಕು. ಖಂಡಿತ ತಿಂದಿಲ್ಲ.

ಏರಿದ್ದರಲ್ಲಿ ಬಹುಪಾಲು ನೀರು. ಅನ್ನ, ದೋಸೆ, ಸಿಹಿ ಹೆಚ್ಚಾದಾಗ ಒಂದಿಷ್ಟನ್ನು ದೇಹ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಲಿವರಿನಲ್ಲಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಕೂರುತ್ತದೆ. ಹೋಟೆಲಿನ ಸಾಂಬಾರು, ಉಪ್ಪಿನಕಾಯಿ, ಚಿಪ್ಸ್‌ನ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಹೊತ್ತೂ ಹೊರಗೆ ತಿನ್ನುವವರು ಆ ಮಿತಿಯೊಳಗೆ ಉಳಿಯುವುದು ಕಷ್ಟ. ಊರು ಬಿಟ್ಟರೆ ಬೆಳಗಿನ ಶೌಚ ಸರಿಹೋಗದೆ ಮಲಬದ್ಧತೆ ಆಗುವವರು ಬಹಳ ಜನ. ಆ ಭಾರವೂ ಮಾಪಕದಲ್ಲಿ ಕಾಣುತ್ತದೆ.

ಹಣ್ಣಿನ ಉಪವಾಸದಲ್ಲಿ ಈ ನೀರು ಬೇಗ ಇಳಿಯುವುದರಿಂದ ಕೊಬ್ಬೇ ಕರಗಿತು ಅನ್ನಿಸುತ್ತದೆ. ಹಣ್ಣಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಮೂರನೇ ದಿನದ ಹೊತ್ತಿಗೆ ಹಸಿವು ತಡೆಯಲಾಗದೆ ಸಂಜೆ ಕೈ ಬೇಕರಿ ತಿಂಡಿಗೆ ಹೋಗುತ್ತದೆ, ಉಪವಾಸ ಅಲ್ಲಿಗೆ ಮುಗಿಯುತ್ತದೆ. ಅದರ ಬದಲು ಒಂದು ವಾರ ಮನೆಯ ಮುದ್ದೆ ಅಥವಾ ರೊಟ್ಟಿ, ಒಂದು ಬಟ್ಟಲು ಬೇಳೆ ಇಲ್ಲವೇ ಕಾಳು, ಎರಡು ಬಗೆ ತರಕಾರಿ, ಮಜ್ಜಿಗೆ ಇರಲಿ. ಉಪ್ಪಿನಕಾಯಿ, ಹಪ್ಪಳ ಬೇಡ. ರಾತ್ರಿ ಊಟ ಎಂಟರೊಳಗೆ ಮುಗಿಯಲಿ. ಎಂಟನೇ ದಿನ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಅದೇ ಮಾಪಕವನ್ನು ಗಟ್ಟಿ ನೆಲದ ಮೇಲಿಟ್ಟು ತೂಕ ನೋಡಿ. ಆಗಲೂ ಉಳಿದದ್ದೇ ನಿಜವಾದ ಏರಿಕೆ. ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು ಇರುತ್ತದೆ. ವಾರವಾದರೂ ಕಾಲಿನ ಊತ ಇಳಿಯದಿದ್ದರೆ, ಅಥವಾ ನಡೆದರೆ ಏದುಸಿರು ಬಂದರೆ ಮಾತ್ರ ವೈದ್ಯರಿಗೆ ತೋರಿಸಿ.

ಪ್ರಶ್ನೆ: ತಿಂಗಳ ಕೊನೆಗೆ ಕುಂದಾಪುರ, ಉಡುಪಿ, ಮಂಗಳೂರಿಗೆ ನಾಲ್ಕು ದಿನದ ಪ್ರವಾಸ ಇದೆ. ಆರು ತಿಂಗಳು ಕಷ್ಟಪಟ್ಟು 7 ಕೆ.ಜಿ. ಇಳಿಸಿದ್ದೇನೆ. ಆ ಕಡೆಯ ತಿಂಡಿ ಬಿಡಲೂ ಮನಸ್ಸಿಲ್ಲ. ಯಾವುದು ತಿನ್ನಲಿ, ಯಾವುದು ಬಿಡಲಿ?
ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ತುಮಕೂರಿನಲ್ಲೂ ಸಿಗುವುದನ್ನೆಲ್ಲ ಬಿಡಿ, ಅಲ್ಲಿ ಮಾತ್ರ ಚೆನ್ನಾಗಿ ಸಿಗುವುದನ್ನು ತಿನ್ನಿ. ಪೂರಿ, ಗೋಬಿ ಮಂಚೂರಿ, ಚಿಪ್ಸ್, ಬಿಸ್ಕತ್ತು, ಲಾಡ್ಜಿನ ಬ್ರೆಡ್‌ ಜಾಮ್ ಇವಿಷ್ಟು ಹೊರಗಿಟ್ಟರೆ ಅರ್ಧ ಕೆಲಸ ಆಯಿತು.

ಬೆಳಿಗ್ಗೆ ನೀರುದೋಸೆ ಒಳ್ಳೆಯದು. ಅಕ್ಕಿಯ ತೆಳು ಹಿಟ್ಟು, ಕಾವಲಿಗೆ ಸವರಿದಷ್ಟೇ ಎಣ್ಣೆ. ಚಟ್ನಿ ಜೊತೆ ಮೂರೋ ನಾಲ್ಕೋ ತಿನ್ನಿ. ಕಾಯಿಬೆಲ್ಲ ಹಾಕಿಕೊಂಡರೆ ಎರಡಕ್ಕೆ ನಿಲ್ಲಿಸಿ. ಮೂಡೆ, ಕೊಟ್ಟೆ ಕಡುಬು ಎಲೆಯಲ್ಲಿ ಹಬೆಗೆ ಬೆಂದವು, ಎಣ್ಣೆಯೇ ಇಲ್ಲ. ಬನ್ಸ್ ಮಾತ್ರ ಮೈದಾ, ಬಾಳೆಹಣ್ಣು, ಸಕ್ಕರೆ ಕಲಸಿ ಕರಿದದ್ದು. ಒಂದನ್ನು ಇಬ್ಬರು ಹಂಚಿಕೊಂಡರೆ ರುಚಿ ಸಿಗುತ್ತದೆ. ಗೋಳಿಬಜೆಗೂ ಅದೇ ಮಾತು. ಎಣ್ಣೆ ಸರಿಯಾಗಿ ಕಾಯದಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಮೊದಲನೆಯದನ್ನು ಮುರಿದು ನೋಡಿ. ಬೆರಳಿಗೆ ಜಿಡ್ಡು ಅಂಟಿದರೆ ಅಲ್ಲಿಗೇ ಬಿಡಿ.

ಮೀನು ತಿನ್ನುವವರಾದರೆ ಕರಾವಳಿಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಬಂಗುಡೆ, ಬೂತಾಯಿಯಲ್ಲಿ ಒಳ್ಳೆಯ ಪ್ರೋಟೀನ್, ಒಮೇಗಾ-3 ಕೊಬ್ಬು ಎರಡೂ ಇವೆ. ರವಾ ಫ್ರೈ ಬೇಡ, ತವಾ ಫ್ರೈ ಹೇಳಿ. ರವೆಯ ಹೊದಿಕೆ ಸ್ಪಂಜಿನ ಹಾಗೆ ಎಣ್ಣೆ ಹಿಡಿಯುತ್ತದೆ. ಹುಳಿ, ಖಾರ ಮುಂದಾಗಿರುವ ಪುಳಿಮುಂಚಿ ಗಸಿಗಿಂತ ಹಗುರ. ಕೋರಿ ರೊಟ್ಟಿಯ ರೊಟ್ಟಿಗೆ ಎಣ್ಣೆ ಇಲ್ಲ, ಆದರೆ ಅದು ತೆಂಗಿನಕಾಯಿ ಗಸಿಯನ್ನು ಹೀರಿಕೊಳ್ಳುತ್ತದೆ. ಒಂದೇ ಸಲ ಸುರಿಸಿಕೊಂಡರೆ ನಾಲ್ಕು ಸೌಟು ಹೋದದ್ದೇ ತಿಳಿಯುವುದಿಲ್ಲ. ಒಂದೊಂದೇ ರೊಟ್ಟಿ ಮುರಿದು ಅರ್ಧ ಸೌಟು ಹಾಕಿಕೊಳ್ಳಿ, ಗರಿಗರಿಯೂ ಉಳಿಯುತ್ತದೆ. ಕುಂದಾಪುರದ ಘೀ ರೋಸ್ಟ್ ಹೆಸರೇ ಹೇಳುವಂತೆ ತುಪ್ಪದ್ದು. ಮೂವರಿಗೆ ಒಂದು ಪ್ಲೇಟ್ ಸಾಕು, ಕೊನೆಯಲ್ಲಿ ತಟ್ಟೆಗೆ ದೋಸೆ ಒರೆಸಬೇಡಿ, ತುಪ್ಪವೆಲ್ಲ ಅಲ್ಲೇ ಇರುವುದು. ಗಡ್‌ಬಡ್ ಐಸ್‌ಕ್ರೀಂ ಇಬ್ಬರಿಗೊಂದು, ಊಟದ ಮೇಲೆ ಬೇಡ, ಊಟಕ್ಕೂ ಊಟಕ್ಕೂ ನಡುವೆ.

ಲೆಕ್ಕಕ್ಕೆ ಸಿಗದೆ ಜಾರುವುದು ಕುಡಿಯುವ ಪದಾರ್ಥ. ಕಾಫಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಸಲವಾದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಒಂದು ಲೋಟ ಕಬ್ಬಿನ ಹಾಲಿನಲ್ಲಿ 30 ಗ್ರಾಂ ಆಸುಪಾಸು ಸಕ್ಕರೆ ಇದೆ. ಎಳನೀರಾದರೆ ಒಂದು ಲೋಟಕ್ಕೆ 50 ಕ್ಯಾಲೊರಿಯಷ್ಟೇ. ಬಿಯರ್ ಕುಡಿಯುವವರಿಗೆ ಮದ್ಯದ ಪ್ರತಿ ಗ್ರಾಂಗೆ 7 ಕ್ಯಾಲೊರಿ, ಜೊತೆಗೆ ಬರುವ ಕರಿದದ್ದು ಬೇರೆ.

ಕಾರಿನಲ್ಲಿ ಪೊಟ್ಟಣ ಒಡೆದು ತೊಡೆಯ ಮೇಲಿಟ್ಟುಕೊಳ್ಳಬೇಡಿ. ಸೌತೆಕಾಯಿ, ಸೀಬೆಹಣ್ಣು, ಪುಟ್ಟ ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಇರಲಿ. ಹಿಡಿ ಅಂದರೆ 30 ಗ್ರಾಂ, ಅಷ್ಟರಲ್ಲೇ 170 ಕ್ಯಾಲೊರಿ ಇರುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕುಕ್ಕೆ, ಧರ್ಮಸ್ಥಳ, ಹೊರನಾಡು ಯಾತ್ರೆಗೆ ಕರೆದೊಯ್ಯಬೇಕು. "ಪ್ರಸಾದ ಬೇಡ ಅನ್ನಬಾರದು" ಅಂತಾರೆ. ಏನು ಎಚ್ಚರಿಕೆ ಬೇಕು?
ಓದುಗರು, ಹಾಸನ

ಉತ್ತರ: ಪ್ರಸಾದಕ್ಕಿಂತ ಮುಖ್ಯವಾದ ಅಪಾಯ ಊಟ ತಡವಾಗುವುದು. ಗ್ಲಿಮೆಪಿರೈಡ್ ಊಟ ಬರಲಿ ಬಿಡಲಿ ಇನ್ಸುಲಿನ್ ಸುರಿಸುತ್ತದೆ. ಲಾಡ್ಜಿನಲ್ಲಿ ಮಾತ್ರೆ ನುಂಗಿ ದರ್ಶನದ ಸಾಲಿನಲ್ಲಿ ಎರಡು ಗಂಟೆ ನಿಂತರೆ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ತಿಂಡಿ ಎದುರಿಗೆ ಬಂದ ಮೇಲೆ ಮಾತ್ರೆ. ತಿಂಡಿ ತಪ್ಪಿದರೆ, ವಾಂತಿಯಾದರೆ ಪ್ರಮಾಣ ಏನು ಮಾಡಬೇಕೆಂದು ಹೊರಡುವ ಮೊದಲೇ ಅವರ ವೈದ್ಯರಿಂದ ಬರೆಸಿಕೊಳ್ಳಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ವಾಂತಿ ಸಾಮಾನ್ಯ.

ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು, ಮಾತು ತಡವರಿಸುವುದು ಕಂಡರೆ ತಕ್ಷಣ ಮೂರು ಟೀ ಚಮಚ ಸಕ್ಕರೆ, ಅಂದರೆ 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಈ ಮಾತ್ರೆಯ ಪರಿಣಾಮ ಉದ್ದ, ಸುಧಾರಿಸಿದ ಮೇಲೂ ಕೆಲವು ಗಂಟೆಗಳಲ್ಲಿ ಸಕ್ಕರೆ ಮತ್ತೆ ಕುಸಿಯಬಹುದು. ಹಾಗಾಗಿ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಿ. ಸಕ್ಕರೆ ಪೊಟ್ಟಣ ಅಪ್ಪನ ಜೇಬಿನಲ್ಲೇ ಇರಲಿ, ನಿಮ್ಮ ಬ್ಯಾಗಿನಲ್ಲಿ ಅಲ್ಲ; ಸಾಲಿನಲ್ಲಿ ಜನ ಚದುರುತ್ತಾರೆ.

ಇನ್ನು ಪಂಕ್ತಿಯ ಊಟ. ಬಡಿಸುವವರು ಬೇಗ ಬೇಗ ಮುಂದೆ ಹೋಗುತ್ತಾರೆ, ಅನ್ನ ಬೀಳುವ ಮೊದಲೇ ಕೈ ಅಡ್ಡ ಹಿಡಿದು "ಸ್ವಲ್ಪ" ಅನ್ನಬೇಕು. ಪಲ್ಯ ಇದ್ದರೆ ಮೊದಲು ಅದನ್ನು ತಿನ್ನಲಿ, ಸಾರು, ಸಾಂಬಾರಿಗೆ ಒಟ್ಟು ಒಂದೂವರೆ ಬಟ್ಟಲು ಅನ್ನ, ಕೊನೆಗೆ ಮಜ್ಜಿಗೆಗೆ ಬೇರೆ ಅನ್ನ ಬೇಡ, ಹಾಗೇ ಕುಡಿಯಲಿ. ಪಾಯಸ ಎರಡು ಚಮಚ ಅಂಗೈಗೆ ಹಾಕಿಸಿಕೊಂಡರೆ ಪ್ರಸಾದ ಸ್ವೀಕರಿಸಿದಂತೆಯೇ. ಊಟದ ಮೇಲೆ 15 ನಿಮಿಷ ಮೆಲ್ಲಗೆ ನಡೆದಾಡಿದರೆ ಸಕ್ಕರೆಯ ಏರಿಕೆ ತಗ್ಗುತ್ತದೆ.

ಪ್ರಶ್ನೆ: ದುಬೈನಿಂದ ವರ್ಷಕ್ಕೊಮ್ಮೆ ಮೂರು ವಾರ ಊರಿಗೆ ಬರುತ್ತೇನೆ. ದಿನಾ ಒಬ್ಬರ ಮನೆಯಲ್ಲಿ ಹೋಳಿಗೆ ಊಟ. ಪ್ರತಿ ಸಲ ಮೂರು ಕೆ.ಜಿ. ಹೊತ್ತು ವಾಪಸಾಗುತ್ತೇನೆ. ಬೇಡ ಅಂದರೆ ಅತ್ತೆ, ಚಿಕ್ಕಮ್ಮಂದಿರಿಗೆ ಬೇಜಾರು.
ಎಂಜಿನಿಯರ್, ದುಬೈ (ಊರು ಶಿರಸಿ)

ಉತ್ತರ: ಬೇಡ ಅನ್ನದೇ ಹೊತ್ತು ಬದಲಿಸಿ. ಕರೆದವರಿಗೆಲ್ಲ "ಮಧ್ಯಾಹ್ನ ಬರ್ತೇನೆ ಅತ್ತೆ, ರಾತ್ರಿ ಅಮ್ಮ ಕಾಯ್ತಾಳೆ" ಅನ್ನಿ. ರಾತ್ರಿ ಮನೆಯಲ್ಲಿ ಗಂಜಿ, ಪಲ್ಯ, ಮಜ್ಜಿಗೆ. ಒಂದೇ ದಿನ ಎರಡು ಮನೆಗೆ ಹೋಗಬೇಕಾದರೆ ಒಂದು ಕಡೆ ಊಟ, ಇನ್ನೊಂದು ಕಡೆ ಸಕ್ಕರೆ ಕಮ್ಮಿಯ ಕಷಾಯ. ಎಲೆ ಖಾಲಿಯಾದರೆ ಬಡಿಸುವ ಕೈ ಬಂದೇ ಬರುತ್ತದೆ, ಅದಕ್ಕೆ ಹೋಳಿಗೆಯ ಕೊನೆಯ ತುಂಡನ್ನು ಎಲ್ಲರೂ ಏಳುವವರೆಗೆ ಉಳಿಸಿಕೊಳ್ಳಿ. ಬಡಿಸಿದ ಮೇಲೆ ಎಲೆಯಲ್ಲಿ ಬಿಟ್ಟು ಏಳುವುದು ಬೇಡ, ಅದರಿಂದಲೇ ನಿಜವಾಗಿ ನೋವಾಗುವುದು. ತುಪ್ಪದ ಮಿಳ್ಳೆ ಬಂದಾಗ ಒಂದೇ ಚಮಚ ಸಾಕೆನ್ನಿ. ಟೀ ಚಮಚಕ್ಕೆ 45 ಕ್ಯಾಲೊರಿ. ಬಂಧುಗಳು ಕಟ್ಟಿಕೊಟ್ಟ ಚಕ್ಕುಲಿ, ಉಂಡೆಗಳನ್ನು ಮೇಜಿನ ಮೇಲಿಡದೆ ಅದೇ ದಿನ ಸೂಟ್‌ಕೇಸಿಗೆ ಸೇರಿಸಿ ಬೀಗ ಹಾಕಿ. ಮೂರು ವಾರದ ಏರಿಕೆ ಬರೀ ನೀರಲ್ಲ, ಮೊದಲ ಪ್ರಶ್ನೆಯ ಐದು ದಿನದಂತೆ ತಾನಾಗಿ ಇಳಿಯುವುದಿಲ್ಲ.

ಪ್ರಶ್ನೆ: ಪ್ರವಾಸದಲ್ಲಿ ದಿನವಿಡೀ ನಡೆಯುತ್ತೇವಲ್ಲ, ತಿಂದದ್ದು ಕರಗುವುದಿಲ್ಲವೇ?
ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸ್ವಲ್ಪ ಕರಗುತ್ತದೆ. 60 ಕಿಲೋ ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 200 ಕ್ಯಾಲೊರಿ. ದೇವಸ್ಥಾನ, ಮ್ಯೂಸಿಯಂಗಳಲ್ಲಿ ನಿಂತು ನಿಂತು ಸಾಗುವುದನ್ನು ಅದರ ಅರ್ಧ ಅಂತ ಹಿಡಿಯಿರಿ. ನಡೆದ ದಿನ ಹಸಿವೂ ಹೆಚ್ಚಿರುತ್ತದೆ. ನೀರಿನ ಬಾಟಲಿ, ಎರಡು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಹುರಿಗಡಲೆ ಜೊತೆಗಿಟ್ಟುಕೊಳ್ಳಿ.